ಸೈಕಲ್ ಕಾರ್ಖಾನೆ ಕೊಂಡವನ ಮನೆಯ ಊಟ

“ಮಹಾಸ್ವಾಮಿ, ನಾನು ದುಡ್ಡು ಸುರಿದದ್ದು ಆ ಹಳೆಯ ಶೆಡ್ಡಿಗಲ್ಲ, ಸುತ್ತಿಗೆಗಳಿಗೂ ಅಲ್ಲ. ನಾನು ಕೊಂಡದ್ದು ನಿಮ್ಮೂರಿನ ಗಿರಾಕಿಗಳನ್ನು,” ಎಂದು ವ್ಯಾಪಾರಿ ದೊರೆಸ್ವಾಮಿ ಅರಸರ ತುಂಬಿದ ಆಸ್ಥಾನದಲ್ಲಿ ಮೀಸೆ ತಿರುವಿದ.

ಕಣಿವೆಪುರದ ಸೈಕಲ್ಲೆಂದರೆ ಆ ಕಾಲಕ್ಕೆ ಕುದುರೆಗಿಂತ ದುಬಾರಿ. ಆದರೂ ಜನ ಬಳೆ ಮಾರಿ ಕೊಳ್ಳುತ್ತಿದ್ದರು. ಅದನ್ನು ಮಾಡುತ್ತಿದ್ದ ಮೌನೇಶಾಚಾರಿ ಪ್ರತಿಯೊಬ್ಬರಿಗೂ ಒಂದು ಮಾತು ಕೊಡುತ್ತಿದ್ದ: “ನೀವು ತುಳಿಯುವಷ್ಟು ಕಾಲ ರಿಪೇರಿ ನನ್ನದು.” ವಯಸ್ಸಾಯಿತೆಂದು ಕಾರ್ಖಾನೆಯನ್ನು ದೊರೆಸ್ವಾಮಿಯ ಕಂಪನಿಗೆ ಮಾರಿ ಮಗಳ ಊರಿಗೆ ಹೊರಟುಹೋದ. ಬಾಗಿಲಿಗೆ ಹೊಸ ಬೋರ್ಡು ಬಂತು, ರಿಪೇರಿ ನಿಂತಿತು.

ದೂರು ತಂದವಳು ಸೂಲಗಿತ್ತಿ ಸಂಕಮ್ಮ. ಅವಳು ತಳ್ಳಿಕೊಂಡು ಬಂದ ಸೈಕಲ್ಲಿನ ಹಿಂದಿನ ಚಕ್ರ ಅಷ್ಟಾವಕ್ರವಾಗಿತ್ತು.

“ಇದು ಓಡದಿದ್ದರೆ ಕಣಿವೆಯಾಚೆಯ ಬಸುರಿಯರ ಹತ್ತಿರ ನಾನು ಹೊತ್ತಿಗೆ ತಲುಪೋದಿಲ್ಲ ಬುದ್ಧಿ,” ಎಂದಳು ಅರಸರಿಗೆ.

“ಹೊಸದು ಕೊಂಡುಕೊಳ್ಳಮ್ಮ,” ಎಂದ ದೊರೆಸ್ವಾಮಿ. “ಮಾತು ಕೊಟ್ಟವನು ಆಚಾರಿ. ನಾನು ಅವನ ಕಾರ್ಖಾನೆ ಕೊಂಡೆ, ನಾಲಿಗೆ ಕೊಳ್ಳಲಿಲ್ಲ. ಮಹಾಸ್ವಾಮಿ, ಒಂದು ಅಪ್ಪಣೆಯಾಗಬೇಕು. ಈ ಸೈಕಲ್ಲುಗಳನ್ನು ಬೇರೆ ಯಾವ ಕಮ್ಮಾರನೂ ಮುಟ್ಟಕೂಡದು. ಗಿರಾಕಿಗಳು ನನ್ನವರು.”

ಅರಸರು ಆಸ್ಥಾನದ ಜಾಣ ಕೊಟ್ರಯ್ಯನ ಕಡೆ ನೋಡಿದರು.

“ಯಜಮಾನರು ಹೇಳೋದು ಸರಿ,” ಎಂದ ಕೊಟ್ರಯ್ಯ. “ಸಭೆಗೆ ಕೇಳೋ ಹಾಗೆ ಇನ್ನೊಮ್ಮೆ ಹೇಳಿಬಿಡಿ.”

“ಎಷ್ಟು ಸಲ ಬೇಕಾದರೂ ಹೇಳ್ತೀನಿ. ಗಿರಾಕಿಗಳನ್ನು ನಾನು ದುಡ್ಡು ಕೊಟ್ಟು ಕೊಂಡಿದ್ದೀನಿ.”

ಅಪ್ಪಣೆ ನಾಳೆ ಎಂದು ಅರಸರು ಸಭೆ ಮುಗಿಸಿದರು. ಮರುದಿನ ಮಧ್ಯಾಹ್ನ ದೊರೆಸ್ವಾಮಿ ಮಣೆಯ ಮೇಲೆ ಕೂತು ಸಾರನ್ನ ಕಲಸುತ್ತಿದ್ದ. ಅಂಗಳದಲ್ಲಿ ಸೈಕಲ್ ಬೆಲ್ಲುಗಳ ಗದ್ದಲ. ಎಂಜಲು ಕೈಯಲ್ಲೇ ಎದ್ದು ಬಂದು ನೋಡಿದರೆ, ಊರಿನ ಸೈಕಲ್ಲುಗಳೆಲ್ಲ ಅವನ ಗೋಡೆಗೆ ಒರಗಿವೆ. ಸವಾರರು ಜಗುಲಿಯುದ್ದಕ್ಕೂ ಎಲೆ ಹಾಸಿಕೊಂಡು ಕೂತಿದ್ದಾರೆ. ಕೊಟ್ರಯ್ಯ ತನ್ನ ಎಲೆಗೆ ನೀರು ಚಿಮುಕಿಸುತ್ತಿದ್ದ.

“ಏನಯ್ಯಾ ಇದು?”

“ನಮ್ಮ ದನದ ಸಂತೆಯ ಕಟ್ಟಳೆ ಯಜಮಾನರೇ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿದ ಮೇಲೆ ದನದ ಮೇವಿನ ಹೊಣೆ ಕೊಂಡವನದು. ನೀವು ನಮ್ಮನ್ನು ಕೊಂಡಾಗಿನಿಂದ ಉಪವಾಸ ಕೆಡವಿದ್ದೀರಿ. ಹೋಗಲಿ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲ್ಲ.”

“ನನಗೆ ಖಾರ ಕಮ್ಮಿ ಇರಲಿ,” ಎಂದಳು ಸಂಕಮ್ಮ.

ದೊರೆಸ್ವಾಮಿ ಅರಮನೆಗೆ ಓಡಿದ. ಎಲೆ ಸುತ್ತಿಕೊಂಡು, ಸೈಕಲ್ ತಳ್ಳಿಕೊಂಡು ಗಿರಾಕಿಗಳೂ ಹಿಂಬಾಲಿಸಿದರು.

“ಮಹಾಸ್ವಾಮಿ, ಇವರನ್ನು ಸಾಕ್ತೀನಿ ಅಂತ ನಾನೆಲ್ಲಿ ಹೇಳಿದೆ? ಇವರಿಂದ ಬರೋದು ನನಗೆ ಬರಬೇಕು, ಅಷ್ಟೇ.”

“ಏನಂತೀಯ ಕೊಟ್ರಯ್ಯ?”

“ಇಂಥ ವ್ಯಾಪಾರ ನಾನು ಯಾವ ಸಂತೆಯಲ್ಲೂ ನೋಡಿಲ್ಲ ಮಹಾಸ್ವಾಮಿ. ಯಜಮಾನರು ಹಸುವಿನ ಕೆಚ್ಚಲು ಮಾತ್ರ ಕೊಂಡಿದ್ದಾರಂತೆ. ಹೊಟ್ಟೆ ಇನ್ನೂ ಆಚಾರಿಯದಂತೆ.”

ಅರಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹೇಳಿದರು: “ದೊರೆಸ್ವಾಮಿ, ಇಡೀ ಹಸು ತಗೋ, ಇಲ್ಲ ಹಗ್ಗ ಬಿಚ್ಚಿ ಬಿಡು. ಆಚಾರಿಯ ಮಾತು ನಡೆಸಿದರೆ ಗಿರಾಕಿಗಳು ನಿನ್ನವರು. ಇಲ್ಲವೋ, ಯಾವ ಕಮ್ಮಾರ ಬೇಕಾದರೂ ಈ ಸೈಕಲ್ ಮುಟ್ಟಲಿ, ಮಾಡಲಿ, ಮಾರಲಿ.”

ದೊರೆಸ್ವಾಮಿ ಎಲೆ ಹಿಡಿದು ಸಾಲಾಗಿ ನಿಂತ ಗಿರಾಕಿಗಳನ್ನು ನೋಡಿದ. ಮೀಸೆ ಇಳಿಯಿತು.

“ಎಲ್ಲಿದೆಯಮ್ಮ ಆ ಚಕ್ರ? ಇತ್ತ ತಾ.”

ಎಲ್ಲರಿಗೂ ಇಂದಿನ ಊಟ ಅರಮನೆಯಲ್ಲೇ ಎಂದು ಅರಸರ ಅಪ್ಪಣೆಯಾಯಿತು. ಸಂಕಮ್ಮ ಸೈಕಲ್ಲನ್ನು ದೊರೆಸ್ವಾಮಿಯ ಕೈಗೆ ಒಪ್ಪಿಸಿ, ಎಲೆ ಹಾಸಿಕೊಂಡು ಕೂತಳು.

“ನಿಧಾನವಾಗಿ ಮಾಡಿ ಯಜಮಾನರೇ. ಪಾಯಸ ಬರೋವರೆಗೂ ಹೊತ್ತಿದೆ.”