ಯಾವ ಪಟ್ಟಣ ಅಗ್ಗ?

ಹೊಳೆದಂಡೆಯ ಮಠದಲ್ಲಿ ಮಹಾಂತಯ್ಯನವರು ಎಂಬ ಗುರುಗಳಿದ್ದರು. ಅವರ ಶಿಷ್ಯ ಕೊಟ್ರಯ್ಯ. ದಾಸೋಹಕ್ಕೆ ದಿನಸಿ ತರುವ ಕೆಲಸ ಅವನದು. ಸಂತೆಯಲ್ಲಿ ತನ್ನನ್ನು ಯಾರೂ ಏಮಾರಿಸಲಾರರು ಎಂಬುದು ಅವನ ಹೆಮ್ಮೆ.

ಒಂದು ಬೆಳಿಗ್ಗೆ ಹೊನ್ನಾಜಮ್ಮ ಎಂಬ ವಿಧವೆ ತನ್ನ ಅತ್ತೆಯ ಕೈ ಹಿಡಿದುಕೊಂಡು ಮಠಕ್ಕೆ ಬಂದಳು. ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ, ಊಟದ ಎಲೆ ಹಚ್ಚಿ ಮಾರುವುದು ಇಬ್ಬರ ಕಸುಬು.

“ಬುದ್ಧಿ, ಅಮಾವಾಸ್ಯೆ ಒಳಗೆ ಮನೆ ಬಿಡಿ ಅಂದ ಮೈದುನ. ಇನ್ನು ಪಟ್ಟಣವೇ ಗತಿ. ದೇವಪಟ್ಟಣಕ್ಕೆ ಹೋಗೋದೋ, ಕಡವಿನಪೇಟೆಗೆ ಹೋಗೋದೋ ತಿಳೀವಲ್ದು.”

“ಅವಸರವೇನಮ್ಮ, ಎರಡನ್ನೂ ನೋಡಿ ಬಾ.”

“ಒಂದು ಸಲ ಗಾಡಿ ಕಟ್ಟುವಷ್ಟೇ ಕೈಯಲ್ಲಿರೋದು ಬುದ್ಧಿ. ತಪ್ಪು ಊರು ಸೇರಿದರೆ ತಿರುಗಿ ಬರೋ ದಾರಿಯಿಲ್ಲ.”

ದೇವಪಟ್ಟಣ ಯಾತ್ರೆಯ ಊರು. ಕಡವಿನಪೇಟೆ ದೋಣಿಗಳ ಊರು, ವ್ಯಾಪಾರದ ಊರು.

ಗುರುಗಳು ಶಿಷ್ಯನ ಕಡೆ ತಿರುಗಿದರು. “ಕೊಟ್ರಯ್ಯ, ಎರಡೂ ಊರಿಗೆ ಹೋಗಿ ಬಾ. ಬದುಕು ಎಲ್ಲಿ ಅಗ್ಗ ಅಂತ ಈ ತಾಯಿಗೆ ಹೇಳು.”

“ಅದೇನು ಮಹಾ ಕೆಲಸ, ಬುದ್ಧಿ” ಎಂದು ಅವನು ಕಾವಿ ಹೊದ್ದು, ಜೋಳಿಗೆ ಹೆಗಲಿಗೇರಿಸಿ ಹೊರಟ.

ಹೋದಷ್ಟೇ ಬೇಗ ಬಂದ. ಮುಖದಲ್ಲಿ ಗೆದ್ದ ಕಳೆಯಿತ್ತು.

“ದೇವಪಟ್ಟಣ, ಬುದ್ಧಿ. ಅದರಲ್ಲಿ ಎರಡು ಮಾತಿಲ್ಲ. ಅಕ್ಕಿ ಕಡವಿನಪೇಟೆಯ ಅರ್ಧ ಬೆಲೆ. ಎಣ್ಣೆಯವನು ಅಳತೆ ಮುಗಿದ ಮೇಲೂ ಕೊಸರು ಅಂತ ಇನ್ನೊಂದಿಷ್ಟು ಸುರಿದ. ಮಲಗೋಕೆ ಜಗಲಿ ಕೊಟ್ಟವನು ಬಾಡಿಗೆ ಅಂದರೆ ಕಿವಿ ಮುಚ್ಚಿಕೊಂಡ. ಬಾಳೆಹಣ್ಣಿನವಳಂತೂ ದುಡ್ಡು ಮುಟ್ಟಲಿಲ್ಲ, ಕಾಲು ಮುಟ್ಟಿದಳು.”

“ಕಡವಿನಪೇಟೆ?”

“ಅದರ ಮಾತು ಬಿಡಿ. ಎಲ್ಲಾ ಬೆಂಕಿ ಬೆಲೆ. ಒಬ್ಬ ಅಂಗಡಿಯವನು, ‘ತಗೊಳ್ಳೋದಿದ್ದರೆ ತಗೊಳ್ಳಿ ಸ್ವಾಮಿ, ಇಲ್ಲದಿದ್ದರೆ ಬಾಗಿಲ ಬೆಳಕು ಬಿಡಿ’ ಅಂದ.”

ಮುದುಕಿ ಬೊಚ್ಚುಬಾಯಿ ಬಿಟ್ಟು ನಕ್ಕಳು. “ದೇವಪಟ್ಟಣಕ್ಕೇ ಗಾಡಿ ಕಟ್ಟಿಸು ಹೊನ್ನಿ. ಗೇಯೋದ್ಯಾಕೆ, ಬಾಳೆಹಣ್ಣು ತಿಂದ್ಕೊಂಡು ಇದ್ದುಬಿಡೋಣ.”

ಹೊನ್ನಾಜಮ್ಮ ಕೈಮುಗಿದು ಎದ್ದಳು.

“ತಡಿಯಮ್ಮ” ಎಂದರು ಗುರುಗಳು. “ಕೊಟ್ರಯ್ಯ, ಆ ಕಾವಿ ಬಿಚ್ಚಿ ತಾಯಿಗೆ ಕೊಡು.”

“ಯಾಕೆ ಬುದ್ಧಿ?”

“ನಿನಗೆ ಸಿಕ್ಕ ಬೆಲೆಗೇ ಆಕೆಗೂ ಸಿಗಬೇಕಲ್ಲಪ್ಪ.”

ಕೊಟ್ರಯ್ಯ ತನ್ನ ಮೈಮೇಲಿನ ಕಾವಿ ನೋಡಿಕೊಂಡ. ಬಾಳೆಹಣ್ಣಿನವಳು ಬಗ್ಗಿದ್ದು ಕಣ್ಣ ಮುಂದೆ ಬಂತು. ಆಗ ತಾನು ಎಷ್ಟು ಹಿಗ್ಗಿದ್ದನೆಂಬುದೂ ನೆನಪಾಯಿತು. ಗುರುಗಳು ತಡೆಯದಿದ್ದರೆ ಈ ಇಬ್ಬರು ಹೆಂಗಸರು ತನ್ನ ಮಾತು ನಂಬಿ ಗಾಡಿ ಹತ್ತುತ್ತಿದ್ದರು.

ಅವನು ಕಾವಿಯನ್ನು ಮಡಿಸಿ ಗುರುಗಳ ಮುಂದಿಟ್ಟ. “ಇನ್ನೊಂದು ಸಲ ಹೋಗಿ ಬರ್ತೀನಿ ಬುದ್ಧಿ. ಹಳೇ ಪಂಚೆ ಸಾಕು.”

“ಬುತ್ತಿ?”

“ಬೇಡ. ಎಲೆ ಹಚ್ಚಿ ಬದುಕ್ತೀನಿ. ಮಠದ ಪಂಕ್ತಿಗೆ ಹಚ್ಚಿದ್ದೀನಲ್ಲ.”

“ನೀವು ಹಚ್ಚಿದ ಎಲೇಲಿ ಉಂಡಿದ್ದೀನಿ ಸ್ವಾಮಿ” ಎಂದಳು ಮುದುಕಿ. “ಅನ್ನ ನನ್ನದು, ಸಾರು ನೆಲದ್ದು. ಬನ್ನಿ, ಕೂತ್ಕೊಳ್ಳಿ.”

ಕಡ್ಡಿ ಹೇಗೆ ಸೀಳಬೇಕು, ಎಲೆಯ ಮೇಲೆ ಎಲೆ ಎಷ್ಟು ಬರಬೇಕು ಎಂದು ಮುದುಕಿ ಬೈದು ಬೈದು ಕಲಿಸಿದಳು. ಕೈ ಕುದುರಿದ ಮೇಲೆ ಅವನು ಹೊರಟ.

ದೇವಪಟ್ಟಣದಲ್ಲಿ ಬಾಳೆಹಣ್ಣಿನವಳಿಗೆ ಅವನ ಗುರುತೇ ಸಿಗಲಿಲ್ಲ. “ಮೊದಲು ಕಾಸು ಇಡು” ಎಂದಳು. ಎಣ್ಣೆಯವನು ಕೊಸರು ಹಾಕಲಿಲ್ಲ. ಜಗಲಿಯ ಯಜಮಾನ, “ಏಳೋ, ಇದೇನು ಛತ್ರವಾ?” ಎಂದು ಗದರಿದ.

ಅಲ್ಲಿ ಓಣಿ ಓಣಿಯಲ್ಲೂ ಎಲೆ ಹಚ್ಚುವವರು. ಕೊಳ್ಳುವವನು ಕಟ್ಟನ್ನು ಕಾಲಲ್ಲೇ ಸರಿಸಿ ಬೆಲೆ ಹೇಳುತ್ತಿದ್ದ. ಬೆಳಗಿನಿಂದ ದೀಪ ಹಚ್ಚುವ ತನಕ ಕೂತರೂ ಕೊಟ್ರಯ್ಯನಿಗೆ ಹುಟ್ಟಿದ್ದು ಒಂದು ಹೊತ್ತಿನ ಮುದ್ದೆ.

ಕಡವಿನಪೇಟೆಯಲ್ಲಿ ಬೆಲೆಯೇನೂ ಇಳಿದಿರಲಿಲ್ಲ. ಅದೇ ಅಂಗಡಿಯವನು, “ತಗೊಳ್ಳೋದಿದ್ದರೆ ತಗೋ, ಇಲ್ಲದಿದ್ದರೆ ಬಾಗಿಲ ಬೆಳಕು ಬಿಡು” ಎಂದ. ಸ್ವಾಮಿಗೆ ಹೇಳಿದ ಬೆಲೆಯನ್ನೇ ಕೂಲಿಯವನಿಗೂ ಹೇಳಿದ. ಕೊಟ್ರಯ್ಯನಿಗೆ ಅವನ ಮೇಲೆ ಏನೋ ಒಂದು ಗೌರವ ಹುಟ್ಟಿತು.

ದೋಣಿ ಇಳಿದವರೆಲ್ಲ ಹಸಿದು ಬರುವ ಊರದು. ಖಾನಾವಳಿಯವನು ಎಲೆಯ ಕಟ್ಟನ್ನು ಕೈಯಿಂದ ಕಿತ್ತುಕೊಂಡಂತೆ ತಗೊಂಡ. “ಇಷ್ಟೇ ತಂದೆಯಾ? ನಾಳೆ ಇನ್ನಷ್ಟು ತಾರಯ್ಯ.”

ಸಂಜೆ ಇನ್ನೂ ದೂರವಿತ್ತು. ಎರಡು ಹೊತ್ತಿನ ಊಟ, ಮಲಗುವ ಮೂಲೆಯ ಬಾಡಿಗೆ, ಎರಡೂ ತೀರಿ ಪಂಚೆಯ ಅಂಚಿನ ಗಂಟಿನಲ್ಲಿ ಒಂದಿಷ್ಟು ಉಳಿದಿತ್ತು. ಕೈಗೆ ಬೇರೆ ಕೆಲಸವಿರಲಿಲ್ಲ. ಅವನು ಹೊಳೆಯ ಮೆಟ್ಟಿಲ ಮೇಲೆ ಕೂತ. ದೋಣಿಯವರ ಮಾತಿಗೆ ನಕ್ಕ. ಬಹಳ ದಿನದ ಮೇಲೆ, ಯಾರೂ ಹೇಳದೆ ತಾನೇ ಕಣ್ಣು ಮುಚ್ಚಿ ಶಿವನನ್ನು ನೆನೆದ.

ಅಮಾವಾಸ್ಯೆಯ ಹಿಂದಿನ ದಿನ ಮಠ ಸೇರಿದ. ಹೆಂಗಸರಿಬ್ಬರೂ ಅವನ ದಾರಿಯನ್ನೇ ಕಾಯುತ್ತಿದ್ದರು.

“ಅಕ್ಕಿ ಎಲ್ಲಿ ಅಗ್ಗವಪ್ಪ?” ಎಂದು ಗುರುಗಳು ಕೇಳಿದರು.

“ಈಗಲೂ ದೇವಪಟ್ಟಣದಲ್ಲೇ, ಬುದ್ಧಿ. ಮೊದಲು ಹೇಳಿದಷ್ಟಲ್ಲ, ಚೂರು ಅಗ್ಗ.”

“ಹಾಗಾದರೆ ಈ ತಾಯಿ ಅಲ್ಲಿಗೇ ಹೋಗಬೇಕೇನಪ್ಪ?”

ಕೊಟ್ರಯ್ಯ ಹೊನ್ನಾಜಮ್ಮನ ಎದುರು ಕೂತ.

“ಅವ್ವಾ, ದೇವಪಟ್ಟಣದಲ್ಲಿ ಒಂದು ದಿನ ಬದುಕೋಕೆ ಇಡೀ ದಿನವನ್ನೇ ಕೊಡಬೇಕು. ಕೊಟ್ಟರೂ ಹೊಟ್ಟೆ ತುಂಬದು. ಕಡವಿನಪೇಟೆಯಲ್ಲಿ ಅಕ್ಕಿ ದುಬಾರಿ, ಎಣ್ಣೆ ದುಬಾರಿ, ಮಾತೂ ಒರಟು. ಆದರೆ ಮುಕ್ಕಾಲು ದಿನ ಕೊಟ್ಟರೆ ಒಂದು ದಿನದ ಬದುಕು ಸಿಗುತ್ತೆ. ಮಿಕ್ಕ ಹೊತ್ತು ನಿಮ್ಮದು.”

“ನಮ್ಮದಾ?”

“ನಿಮ್ಮದೇ. ಅದನ್ನ ಯಾರೂ ಕೇಳಲ್ಲ.”

ಹೊನ್ನಾಜಮ್ಮ ಅತ್ತೆಯ ಕಡೆ ನೋಡಿದಳು. “ಆ ಮನೆಗೆ ಕಾಲಿಟ್ಟಾಗಿಂದ ನನ್ನದು ಅಂತ ಒಂದು ಹೊತ್ತು ಇರಲಿಲ್ಲ ಸ್ವಾಮಿ” ಎಂದಳು.

“ಇದ್ದಿದ್ದರೆ ನಾನೇ ಕಿತ್ಕೊಂಡಿರ್ತಿದ್ದೆ ಬಿಡು” ಎಂದಳು ಅತ್ತೆ. ಆಮೇಲೆ ಸೊಸೆಯ ತಲೆ ಸವರಿದಳು. “ಏಳೇ, ಪೇಟೆಗೆ ಗಾಡಿ ಹೇಳು.”

ಗಾಡಿ ಹೊಳೆಯ ಮರಳಿಗಿಳಿಯಿತು. ಕೊಟ್ರಯ್ಯ ಅದು ಆಚೆ ದಂಡೆ ಹತ್ತುವವರೆಗೂ ನೋಡುತ್ತ ನಿಂತ. ಗುರುಗಳು ಬಂದು ಪಕ್ಕದಲ್ಲಿ ನಿಂತರು.

“ಬುದ್ಧಿ, ಈ ಸಲವಾದರೂ ನಾನು ಸರಿಯಾಗಿ ಹೇಳಿದೆನೇ?”

ಗುರುಗಳು ಆಚೆ ದಂಡೆಯ ಕಡೆ ಕಿವಿಗೊಟ್ಟರು.

“ನನ್ನನ್ನೇನು ಕೇಳ್ತೀಯಪ್ಪ. ಗಾಡಿಯಲ್ಲಿ ಅತ್ತೆ ಸೊಸೆ ಹಾಡ್ತಾ ಇದ್ದಾರೆ, ಕೇಳಿಸ್ಕೋ.”