ಕುಕ್ಕರಮ್ಮನ ಕೂಗು

"ಮತ್ತೆ ನಡುವೆ ಬಾಯಿ ಹಾಕಿದೆಯಾ? ನಿನ್ನ ಗೊರಗೊರದಲ್ಲಿ ನನ್ನ ಕೂಗು ಯಾರಿಗೆ ಕೇಳೀತು!" ಎಂದು ಕುಕ್ಕರಮ್ಮ ಇಂಡಕ್ಷನ್ ಒಲೆಯೊಳಗಿನ ಹಳೇ ಫ್ಯಾನಿನ ಮೇಲೆ ಹರಿಹಾಯ್ದಳು.

"ಒಲೆಯ ಒಳಭಾಗ ಕಾಯದಂತೆ ತಿರುಗುವುದು ನನ್ನ ಕೆಲಸ. ನೀನು ಕೂಗಿದ್ದನ್ನು ನಾನಂತೂ ಕೇಳಿಲ್ಲ."

"ಮುದಿ ಕಿವಿಗೆ ಇನ್ನೇನು ಕೇಳೀತು?"

ಕೂಗಿಗೆ ಕಾದು ಕಾದು ಮೂರು ದಿನ ಬೇಳೆ ಸೀಯಿಸಿದ್ದ ಮನೆಯೊಡತಿ ನಾಗವೇಣಿಯೂ ತಪ್ಪು ಫ್ಯಾನಿನದೇ ಎಂದುಕೊಂಡು, ಅದನ್ನು ಕೀಳಿಸಿ ಹೊಸದನ್ನು ಹಾಕಿಸಿದಳು.

ಹೊಸ ಫ್ಯಾನು ಸದ್ದೇ ಇಲ್ಲದೆ ತಿರುಗಿತು. ಆಗ ಕುಕ್ಕರಮ್ಮನ ಮುಚ್ಚಳದ ಸವೆದ ರಬ್ಬರಿನ ಸಂದಿಯಿಂದ ಹಬೆ ಬುಸ್ಸೆಂದು ಸೋರುವುದು ಅಡುಗೆಮನೆಗೆಲ್ಲ ಕೇಳಿಸಿತು. ಬೇಳೆ ನಾಲ್ಕನೆಯ ದಿನವೂ ಸೀದುಹೋಯಿತು.

ಏನೂ ಅರಿಯದ ಹೊಸ ಫ್ಯಾನು ವಿನಯದಿಂದ ಕೇಳಿತು: "ಅಕ್ಕ, ನಾನು ಬಾಯೇ ತೆರೆಯಲಿಲ್ಲವಲ್ಲ, ಮತ್ತೆ ನೀವು ಯಾಕೆ ಕೂಗಲಿಲ್ಲ?"