ಏಳಲೊಲ್ಲದ ಸರ್ವರ್

ಹೊಳೆದಂಡೆಯ ಮಠಕ್ಕೊಂದು ಧರ್ಮಾಸ್ಪತ್ರೆಯಿತ್ತು. ಯಾರಿಗೆ ಯಾವ ಔಷಧ ಒಗ್ಗುತ್ತದೆ, ಯಾವುದು ಒಗ್ಗದು ಎಂಬುದೆಲ್ಲ ಅಲ್ಲಿನ ಕಂಪ್ಯೂಟರ್ ಸರ್ವರ್‌ನ ಹೊಟ್ಟೆಯಲ್ಲಿ. ಅದನ್ನು ನೋಡಿಕೊಳ್ಳುವವನು ಶಿಷ್ಯ ರುದ್ರಮುನಿ. ಚುರುಕಿನವನು. ಸ್ವಲ್ಪ ಹೆಚ್ಚೇ ಚುರುಕು ಅನ್ನಿ.

ಒಂದು ಬೆಳಿಗ್ಗೆ ಕರೆಂಟು ಹೋಗಿ ಬಂತು. ಸರ್ವರ್ ಏಳಲಿಲ್ಲ.

ಅದೇ ಹೊತ್ತಿಗೆ ದೇವೀರಮ್ಮ ಎಂಬಾಕೆ ಗಂಡನನ್ನು ಆಟೋದಲ್ಲಿ ಕರೆತಂದಳು. ಕಾಲಿನ ಗಾಯ ಕೀವಾಗಿ ಆತನ ಮೈ ಕೆಂಡದಂತೆ ಸುಡುತ್ತಿತ್ತು. ಹಿಂದೊಮ್ಮೆ ಇಲ್ಲೇ ಒಂದು ಇಂಜೆಕ್ಷನ್ ಆಗಿಬರದೆ ಆತ ಸಾಯುವುದರಲ್ಲಿದ್ದ. ಅದು ಯಾವುದೆಂದು ಅವಳಿಗೆ ನೆನಪಿಲ್ಲ.

"ಅದು ಗೊತ್ತಾಗದೆ ನಾನು ಸೂಜಿ ಮುಟ್ಟೋದಿಲ್ಲ," ಎಂದರು ಡಾಕ್ಟರಮ್ಮ.

ಪರದೆಯ ಮೇಲೆ ಒಂದೇ ಸಾಲಿತ್ತು: ಡೇಟಾಬೇಸ್ ತನ್ನನ್ನು ಸರಿಪಡಿಸಿಕೊಳ್ಳುತ್ತಿದೆ, ಕಾಯಿರಿ. ಕಾಯುವುದಕ್ಕೆ ಇದೇನು ಹೊತ್ತೇ? ರುದ್ರಮುನಿ ಆರಿಸಿ ಮತ್ತೆ ಹಾಕಿದ. ಅದೇ ಸಾಲು.

ಹೊಳೆಯ ಮೆಟ್ಟಿಲಿಗೆ ಓಡಿದ. ಗುರುಗಳು ಜಪಮಾಲೆ ಹಿಡಿದು ಕೂತಿದ್ದರು.

"ಬುದ್ಧಿ, ಸರ್ವರ್ ಏಳ್ತಿಲ್ಲ."

"ಹೌದಾ ಮರಿ," ಎಂದು ಗುರುಗಳು ಮತ್ತೆ ಕಣ್ಣು ಮುಚ್ಚಿದರು.

ಹಿಂದಿರುಗಿ ಮತ್ತೆ ಆರಿಸಿದ, ಮತ್ತೆ ಹಾಕಿದ. ಮತ್ತೆ ಓಡಿದ.

"ಬುದ್ಧಿ, ಏನು ಮಾಡಿದರೂ ಆಗ್ತಿಲ್ಲ."

"ಹೌದಾ."

ಇನ್ನೊಂದು ಸಲ ಬಂದಾಗ ಅವನಿಗೆ ಅಳುವೇ ಬಂದಿತ್ತು. "ಜಪ ಮುಗಿಸಿ ಒಂದು ಗಳಿಗೆ ಬನ್ನಿ ಬುದ್ಧಿ. ಆ ಮನುಷ್ಯ ನರಳ್ತಿದ್ದಾನೆ."

"ಮುಗಿದ ಕೂಡಲೆ ಬರ್ತೀನಿ."

"ಇನ್ನೆಷ್ಟು ಮಣಿ ಇವೆ?"

"ಎಲ್ಲಾ ಇವೆ."

"ಬೆಳಗಿನಿಂದ ಕೂತಿದ್ದೀರಲ್ಲ ಬುದ್ಧಿ?"

"ನೀನೂ ಬೆಳಗಿನಿಂದ ಬರ್ತಾನೇ ಇದ್ದೀಯಲ್ಲಪ್ಪ."

ನಡುವೆ ಮಾತಾಡಿದರೆ ಮೊದಲ ಮಣಿಯಿಂದ ಎಣಿಸಬೇಕೆಂಬುದು ಆ ಮಠದ ಪದ್ಧತಿ. ರುದ್ರಮುನಿಗೆ ಗೊತ್ತಿದ್ದದ್ದೇ. ಅವನ ಮುಖ ಸಪ್ಪಗಾಯಿತು. ಸರ್ವರ್ ಕೋಣೆಗೆ ಹಿಂದಿರುಗಿದ.

ಪರದೆಯ ಮೇಲೆ ಅದೇ ಸಾಲು. ಕೈ ಸ್ವಿಚ್ಚಿನ ಕಡೆ ಹೋಯಿತು. ಎರಡೂ ಕೈಗಳನ್ನು ತೊಡೆಯಡಿ ಅದುಮಿಕೊಂಡು ಕೂತ. ಹೊರಗೆ ನರಳಾಟ ಕೇಳಿದಾಗಲೆಲ್ಲ ಇನ್ನಷ್ಟು ಬಿಗಿಯಾಗಿ ಅದುಮಿಕೊಂಡ.

ದೇವೀರಮ್ಮ ಬಾಗಿಲಿಗೆ ಬಂದಳು. "ಆಯ್ತಾ ಸ್ವಾಮಿ?"

"ಇಲ್ಲ ತಾಯಿ. ಆಗ್ತಿದೆ."

ಅವಳು ಹೋದಳು. ಅವನು ಕದಲಲಿಲ್ಲ.

ಬಿಸಿಲು ಹೊಸ್ತಿಲು ದಾಟುವ ಹೊತ್ತಿಗೆ ಆ ಸಾಲು ತಾನಾಗಿ ಹೋಯಿತು. ದಾಖಲೆಗಳು ತೆರೆದುಕೊಂಡವು. ಡಾಕ್ಟರಮ್ಮ ಓದಿ, ಮೊದಲು ತೆಗೆದಿಟ್ಟಿದ್ದ ಔಷಧವನ್ನು ಪಕ್ಕಕ್ಕೆ ಸರಿಸಿ, ಬೇರೆಯದನ್ನು ಕೊಟ್ಟರು.

ಸಂಜೆಗೆ ಜ್ವರ ಇಳಿಯತೊಡಗಿತು. ದೇವೀರಮ್ಮ ರುದ್ರಮುನಿಯ ಕಾಲು ಮುಟ್ಟಿ, "ನಿಮ್ಮಿಂದ ನನ್ನ ಮನೆ ಉಳೀತು ಸ್ವಾಮಿ," ಎಂದಳು. ಅವನು ತಲೆ ಎತ್ತಲಾರದೆ ಗುರುಗಳ ಬಳಿಗೆ ಹೋದ.

"ಬುದ್ಧಿ, ನನ್ನಿಂದ ಗಂಡ ಉಳಿದ ಅಂತ ದೇವೀರಮ್ಮ ಕಾಲು ಮುಟ್ಟಿದಳು. ಆದರೆ ಸರ್ವರ್ ತಾನಾಗಿ ಏಳ್ತಾನೇ ಇತ್ತು. ಪ್ರತಿ ಸಲ ನಾನೇ ಆರಿಸಿ ಕೆಡವಿದೆ. ನಾನು ಸುಮ್ಮನಿದ್ದಿದ್ದರೆ ಬೆಳಿಗ್ಗೆಯೇ ಔಷಧ ಸಿಗ್ತಿತ್ತು. ಆತ ಅಷ್ಟು ಹೊತ್ತು ನರಳಿದ್ದು ನನ್ನಿಂದ."

ಗುರುಗಳು ಅವನನ್ನೇ ನೋಡಿದರು.

"ಇದನ್ನ ನನಗ್ಯಾಕೆ ಹೇಳ್ತೀಯಾ ಮರಿ? ಕಾದು ಕೂತಿದ್ದವಳು ಅವಳು."